ಪುಟ್ಟಿ ನಿಲ್ಲುತ್ತಾ

ಹೆಬ್ಬೆರಳು ಇಟ್ಟರೆ ಒಳಗೆ ಆಡುತ್ತೆ, ತಗ್ಗು ಅದಕ್ಕಿಂತ ಅಗಲ, ಮುಷ್ಟಿ ಇಟ್ಟರೆ ಮುಷ್ಟಿ ದೊಡ್ಡದು, ಹಾಗಾದರೆ ಯಾವುದು, ಯಾವುದು ತಾಗಿ ಬೀರುವಿನ ಬಾಗಿಲು ಹೀಗೆ ನೆಗ್ಗಿತು — ಟೆಂಪೋದಲ್ಲಿ ಕಣೋ, ಹಗ್ಗ ಸಡಿಲ ಇತ್ತು ಅಂತ ನಮ್ಮಕ್ಕ ಪುಟ್ಟಿ ಹೇಳಿದ್ದು, ಮಂಚದ ಕಾಲು ಬಡಿಯಿತಂತೆ ಅಂತ ಅಮ್ಮ, ಮಂಚದ ಕಾಲು ಚೌಕ ಅಮ್ಮಾ, ಇದು ದುಂಡಗಿದೆ, ದುಂಡಗಿದ್ದರೆ ದುಂಡಗಿರಲಿ, ಬಣ್ಣ ಬಳಿಯೋನಿಗೆ ಯಾಕಪ್ಪಾ ಆ ಪುರಾಣ. ನಾಳೆ ಅಕ್ಕ ಗಂಡನ ಮನೆಗೆ ವಾಪಸ್ ಹೋಗ್ತಾಳೆ, ಮದುವೇಲಿ ಅಮ್ಮ ಕೊಟ್ಟ ಈ ಹಳೇ ಬೀರುವೂ ಹೋಗುತ್ತೆ, ಎರಡೂ ಚೆನ್ನಾಗಿ ಕಾಣಬೇಕು. ಚಳಿ ಶುರುವಾದಾಗ ಬಂದವಳು, ಯಾಕೆ ಬಂದೆ ಅಂದರೆ ಸುಮ್ಮನೆ, ಈಗ ಯಾಕೆ ಹೋಗ್ತೀಯ ಅಂದರೆ ಅದೂ ಸುಮ್ಮನೆ, ಸುಮ್ಮನೆ ತವರಿಗೆ ಬರೋಳು ಬೀರು ಹೊರಿಸಿಕೊಂಡು ಬರ್ತಾಳಾ. ಭಾವ ಒಳ್ಳೆಯವನು, ಬೀದಿಗೆ ಬೀದಿಯೇ ಹೇಳುತ್ತೆ, ನನ್ನೆದುರು ದನಿ ಎತ್ತಿದವನಲ್ಲ, ನನಗೆ ಬೈಕ್ ಕಲಿಸಿದವನೇ ಅವನು, ಹಾಗಾದರೆ ನನಗೇ ತಲೆ ಕೆಟ್ಟಿದೆಯಾ, ಅವನ ಮುಖ ನೆನಪಾದರೆ ದವಡೆ ಯಾಕೆ ಬಿಗಿಯುತ್ತೆ, ಏಳನೇ ಕ್ಲಾಸಿಗೇ ಓದಿಗೆ ಮಣ್ಣು ಹಾಕಿದವನು ನೀನು, ಸಂಸಾರದ ಪಾಠ ಹೇಳೋಕೆ ಬರಬೇಡ ಅಂತಾನೆ ಅಪ್ಪ, ಅಪ್ಪ ಏನು ಕಾಲೇಜು ಕಟ್ಟಿಸಿದವನಾ.

ಏನೋ, ಬೀರುಗೆ ಕಣಿ ಕೇಳ್ತಾ ಕೂತಿದೀಯಾ, ಪುಟ್ಟಿ ತುಂಬು ಅಂತ ಒಳಗಿಂದ ಮೇಸ್ತ್ರಿ. ತೂತು ತಗ್ಗು ಮುಚ್ಚೋ ಬಿಳೀ ಮುದ್ದೆಗೆ ನಮ್ಮ ಕಸುಬಲ್ಲಿ ಅದೇ ಹೆಸರು, ಮನೇಲಿ ಅಕ್ಕನಿಗೂ ಅದೇ, ನನಗಿಂತ ದೊಡ್ಡವಳಾದರೂ ಎಲ್ಲರ ಬಾಯಲ್ಲಿ ಪುಟ್ಟಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಪುಟ್ಟಿ ಕಲಸೋ ಅಂದಾಗ ನಗು ತಡೆಯಲಾಗಿರಲಿಲ್ಲ, ಮನೆಗೆ ಹೋಗಿ ಹೇಳಿದ್ದಕ್ಕೆ ಸೌಟು ಹಿಡಿದು ಓಡಿಸಿಕೊಂಡು ಬಂದಳು, ನಿಲ್ಲೋ ಕತ್ತೆ, ನಿನ್ನನ್ನೇ ಕಲಸ್ತೀನಿ, ಈಗ ಆ ನಗು ಎಲ್ಲಿ ಹೋಯಿತು, ಅವಳದ್ದು, ನನ್ನದು. ತಗ್ಗು ಕಂಡಲ್ಲಿ ಪುಟ್ಟಿ ತುಂಬು, ಉಜ್ಜು, ಮೇಲೆ ಬಣ್ಣ, ಬಣ್ಣದ ಮೇಲೆ ಹೂಬಳ್ಳಿ — ಅಪ್ಪ ಅಮ್ಮ ಸೇರಿ ಮಾಡ್ತಿರೋದೂ ಇದೇ ತಾನೇ, ಹಳೆಯದಕ್ಕೆ ಹೊಸ ಜನ್ಮ ಅಂತ ಅಂಗಡಿ ಬೋರ್ಡು ಬರೆದವನು ನಾನೇ, ಯಾರಿಗೆ ಹೊಸ ಜನ್ಮ, ಯಾರಿಗೆ. ಒಳಗಿಂದ ಬಡಿದು ಎತ್ತಲಾ ಅಂದೆ, ಬೇಡ, ತಗಡು ಸೀಳುತ್ತೆ ಅಂದ ಮೇಸ್ತ್ರಿ, ಆದರೆ ಒಂದೇ ಸಲ ಮೆತ್ತಬೇಡ, ಇಷ್ಟು ಆಳಕ್ಕೆ ಪುಟ್ಟಿ ನಿಲ್ಲಲ್ಲ ಕಣೋ, ಬಾಗಿಲು ಜೋರಾಗಿ ಬಡಿದರೆ ಚಕ್ಕೆ ಎದ್ದು ಬರುತ್ತೆ. ನಿಲ್ಲಲ್ಲ, ನಿಲ್ಲದೇ ಇದ್ದರೆ ಒಳ್ಳೆಯದಾ, ಉದುರಿ ಬಿದ್ದರೆ ಮತ್ತೆ ಇಲ್ಲಿಗೇ ತರ್ತಾಳಾ, ಥೂ ಎಂಥ ಯೋಚನೆ, ಸ್ವಂತ ಅಕ್ಕನ ಸಂಸಾರ. ತೆಳ್ಳಗೆ ಪದರ ಪದರವಾಗಿ ಕೊಟ್ಟೆ, ಬಿಸಿಲಿಗೆ ಒಣಗಿತು, ಉಪ್ಪುಕಾಗದ ಹಾಕಿ ಉಜ್ಜಿದೆ, ಉಗುರಿನ ಸಂದಿಯೆಲ್ಲ ಬಿಳಿ, ಪ್ರೈಮರ್ ಬಿತ್ತು, ನೀಲಿ ಬಿತ್ತು, ಅಂಗೈ ಸವರಿದರೆ ನುಣುಪು, ತಗ್ಗು ಇಲ್ಲ, ಇತ್ತು ಅನ್ನೋಕೂ ಸಾಕ್ಷಿ ಇಲ್ಲ, ಮುಚ್ಚಿದವನು ನಾನು, ಅದೂ ಎಷ್ಟು ಚೆನ್ನಾಗಿ.

ಅಯ್ಯೋ, ಇದು ನನ್ನ ಬೀರುನೇ ಅಲ್ಲ ಬಿಡು ಅಂತ ಅವಳ ದನಿ, ಯಾವಾಗ ಬಂದಳು, ಚಪ್ಪಲಿ ಸದ್ದೂ ಕೇಳಲಿಲ್ಲ, ಮೊದಲು ಅವಳು ಬಂದರೆ ಬೀದಿ ತುದಿಯಲ್ಲೇ ಗೊತ್ತಾಗ್ತಿತ್ತು. ಹೂವು ಎಲ್ಲಿ ಬರೀಲಿ ಅಂದೆ, ಇಲ್ಲಿ ಒಂದು ದೊಡ್ಡದು ಬರೆ ಅಂತ ಬೆರಳಿಟ್ಟಳು, ನೇರ ಅಲ್ಲಿಗೇ, ನನ್ನ ಕಣ್ಣಿಗೇ ಕಾಣದ ಜಾಗ ಅವಳ ಬೆರಳಿಗೆ ಹೇಗೆ ಗೊತ್ತು. ಹೋಗಬೇಡ ಅಂದೆನಾ, ಅನ್ನಲಿಲ್ಲ, ಅಂದದ್ದು ಇನ್ನೇನೋ, ಭಾವನಿಗೆ ಹೇಳು ಬೀರು ಜೋಪಾನ ಅಂತ, ಅದಕ್ಕೆ ನಕ್ಕಳು, ತುಟಿ ಮಾತ್ರ. ಪುಟ್ಟಿ ನಿಲ್ಲುತ್ತೇನೋ, ಅಂದಳು. ಯಾವ ಪುಟ್ಟಿ, ಯಾವುದನ್ನ ಕೇಳಿದಳು, ನಿಲ್ಲುತ್ತೆ, ನನ್ನ ಕೈಕೆಲಸ ಕಣೇ ಅದು, ಬಾರಿಸಿ ತೋರಿಸಲಾ, ಅಂದವನೇ ಕೈ ಎತ್ತಿದೆ, ಬಾಗಿಲಿಗೆ ಎತ್ತಿದ್ದು, ಬಾಗಿಲಿಗೇ — ಅವಳು ಥಟ್ಟನೆ ಪಕ್ಕಕ್ಕೆ ತಿರುಗಿದಳು, ಕಣ್ಣು ಮುಚ್ಚಿ, ತೋಳು ಮಡಚಿ ಮುಖಕ್ಕೆ ಅಡ್ಡ, ಮೊಳಕೈ ಹೋಗಿ ಬಾಗಿಲಿಗೆ ತಾಗಿತು, ಅಲ್ಲಿಗೇ, ಹೂವಿನ ಜಾಗಕ್ಕೇ, ದುಂಡಗೆ, ಮೊಳಕೈ. ನಾನು ಕಣೇ ಪುಟ್ಟಿ, ನಾನು, ಅನ್ನಬೇಕು, ಕೈ ಇನ್ನೂ ಮೇಲೇ ಇದೆ, ಇಳಿಸಬೇಕು, ಇಳಿಸಿದರೆ ಹೊಡೆತವೇ ಬಂತು ಅಂದುಕೊಳ್ತಾಳಾ, ಇಳಿಸದಿದ್ದರೆ ಅವಳು ಕಣ್ಣು ತೆರೆಯಲ್ಲ, ಮೇಲೇ ಇದೆ ನನ್ನ ಕೈ, ನೀಲಿ ಬಾಗಿಲು, ಅದಕ್ಕೆ ಒತ್ತಿಕೊಂಡ ಮೊಳಕೈ, ಮೊಳಕೈ —