ಮೊರಿಸರ ಸೀಗಡಿ ಅಲರ್ಜಿ

ನನ್ನ ಗಂಡನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಹಲ್ಲು ಕೀಳುವುದು ಸುಲಭ. ಸುಮ್ಮನೆ ಹೇಳುತ್ತಿಲ್ಲ. ಮೂವತ್ತೊಂದು ವರ್ಷ ವಾರ್ಡಿನಲ್ಲಿ ನರ್ಸಾಗಿ ದುಡಿದವಳು ನಾನು, ಮಾತಾಡದ ರೋಗಿಗಳನ್ನು ಎಷ್ಟೋ ಕಂಡಿದ್ದೇನೆ. ಆದರೆ ಮೊರಿಸ್‌ನಂಥ ಪ್ರಾಣಿಯನ್ನು ಕಂಡಿಲ್ಲ.

ಈ ಕತೆಗೆಲ್ಲ ಕಾರಣವಾದ ಆ್ಯಪನ್ನು ನಮ್ಮ ತಲೆಗೆ ಕಟ್ಟಿದ್ದು ಮಗಳು ಏವ್ರಿಲ್. ಅವಳಿಗೆ ಬಜಪೆಯಲ್ಲಿ ಕೆಲಸ, ವಿಮಾನ ಹತ್ತುವವರ ಟಿಕೆಟು, ಪಾಸ್‌ಪೋರ್ಟು ನೋಡುವುದು. ದಿನವಿಡೀ ಊರವರ ದಾಖಲೆ ಕೇಳಿ ಸಾಲದೆ ಈಗ ಹೆತ್ತವರ ದಾಖಲೆಯೂ ಬೇಕಾಯಿತು. ಈಸ್ಟರಿಗೆ ಬಿಜೈಯ ನಮ್ಮ ಮನೆಗೆ ಬಂದವಳು ಇಬ್ಬರ ಫೋನನ್ನೂ ಕಸಿದುಕೊಂಡು, ಅದೇನೋ ಆರೋಗ್ಯದ ಆ್ಯಪ್ ಹಾಕಿ ಕೊಟ್ಟಳು.

"ಮಮ್ಮಿ, ಕಾಯಿಲೆ, ಮಾತ್ರೆ, ಅಲರ್ಜಿ ಎಲ್ಲ ಇದರಲ್ಲಿ ತುಂಬಿಸಿ. ಕನ್ನಡದಲ್ಲೇ ಉಂಟು. ನಾಳೆ ಎಂತದಾದರೂ ಆದ್ರೆ ಆಸ್ಪತ್ರೆಯವರಿಗೆ ಇದನ್ನು ತೋರಿಸಿದ್ರೆ ಸಾಕು."

ತುಂಬಿಸಬೇಕಾದವಳು ಯಾರು? ನಾನೇ. ಇವರು ಪೇಪರ್ ಬಿಡಿಸಿಕೊಂಡು ಕುಳಿತಿದ್ದರು.

"ನಿಮಗೆ ಎಂತೆಲ್ಲ ಕಾಯಿಲೆ ಉಂಟು ಹೇಳಿ."

"ಎಂತ ಇಲ್ಲ."

"ಬಿಪಿ?"

"ಅದುಂಟು."

"ಶುಗರ್?"

"ಸ್ವಲ್ಪ."

"ಮೂಲವ್ಯಾಧಿ?"

ಪೇಪರ್ ಮುಖದ ಮುಂದೆ ಇನ್ನಷ್ಟು ಮೇಲೇರಿತು. ಬಲ್ಮಠದ ಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಡ್ರಾಯಿಂಗ್ ಮಾಸ್ಟ್ರಾಗಿದ್ದವರು ಇವರು. ಮಕ್ಕಳಿಗೆ ಅದೇನು ಕಲಿಸಿದರೋ, ಹೇಗೆ ಕಲಿಸಿದರೋ ದೇವರಿಗೇ ಗೊತ್ತು.

ಅಲರ್ಜಿಯ ಪುಟಕ್ಕೆ ಬಂದಾಗ ಕೇಳುವ ಅಗತ್ಯವೇ ಇರಲಿಲ್ಲ. ಸೀಗಡಿ. ಇದು ನಮ್ಮ ಬಳಗಕ್ಕೆಲ್ಲ ಗೊತ್ತಿರುವ ಸಂಗತಿ. ಮೊದಲು ತಿನ್ನುತ್ತಿದ್ದವರು, ಒಂದು ದಿನ ಇದ್ದಕ್ಕಿದ್ದಂತೆ 'ಅಲರ್ಜಿ' ಎಂದು ತಟ್ಟೆ ಸರಿಸಿದರು. ನಮ್ಮ ಕಡೆಯ ಔತಣಗಳಲ್ಲಿ ಬಡಿಸುವವರಿಗೆ 'ಬೇಡ' ಎಂದರೆ ಕಿವಿ ಕೇಳಿಸುವುದಿಲ್ಲ, 'ಅಲರ್ಜಿ' ಎಂದರೆ ಮಾತ್ರ ಸೌಟು ಹಿಂದೆ ಹೋಗುತ್ತದೆ. ನನ್ನ ತಂಗಿ ಜಾನೆಟ್ ಪ್ರತಿ ಹಬ್ಬಕ್ಕೂ ಇವರೊಬ್ಬರಿಗಾಗಿ ಬೇರೆ ಪಾತ್ರೆಯಲ್ಲಿ ಬಂಗುಡೆ ಮೀನು ಮಾಡಿಡುತ್ತಾಳೆ. ನನ್ನ ಕೈಚೀಲದಲ್ಲಿ ಅಲರ್ಜಿಯ ಮಾತ್ರೆ ಸದಾ ಇರುತ್ತದೆ. ಸೀಗಡಿ ಎಂದರೆ ನನಗೆ ಪ್ರಾಣ ಮಾರಾಯ್ರೆ! ಆದರೆ ವಾಸನೆಯಿಂದಲೂ ಇವರಿಗೆ ಏನಾದರೂ ಆದೀತೆಂದು ಇಪ್ಪತ್ತೆಂಟು ವರ್ಷಗಳಿಂದ ನಮ್ಮ ಒಲೆಯ ಮೇಲೆ ಅದನ್ನು ಏರಿಸಿಲ್ಲ, ಹೊರಗೂ ತಿಂದಿಲ್ಲ.

ಆ್ಯಪ್ ಅಷ್ಟಕ್ಕೆ ಬಿಡಬೇಕಲ್ಲ? ತಿಂದರೆ ಏನಾಗುತ್ತದೆ, ಎಷ್ಟು ತೀವ್ರ, ಯಾವಾಗಿನಿಂದ ಎಂದು ಒಂದರ ಹಿಂದೆ ಒಂದು ಕೇಳಿತು.

"ತಿಂದ್ರೆ ಎಂತ ಆಗ್ತದೆ ನಿಮಗೆ?"

"ಎಂತದಾದ್ರೂ ಹಾಕು."

"ಎಂತದಾದ್ರೂ ಹಾಕ್ಲಿಕ್ಕೆ ಇದು ಲಾಟರಿ ಅಲ್ಲ. ತುರಿಕೆಯಾ, ಬಾವಾ, ಉಸಿರುಗಟ್ಟುವುದಾ?"

"ನಿನಗೆ ಬೇಕಾದ್ದು ಹಾಕು ಡಾಲಿ. ನನ್ನನ್ನು ಬಿಡು."

ಮೈಯೆಲ್ಲ ಉರಿಯಿತು. 'ಉಸಿರುಗಟ್ಟುವುದು' ಒತ್ತಿದೆ. 'ತೀವ್ರ' ಒತ್ತಿದೆ. ಕೇಸ್ ಶೀಟಿನ ಮೇಲೆ ರೋಗಿಯ ಅಲರ್ಜಿಯನ್ನು ಕೆಂಪು ಶಾಯಿಯಲ್ಲಿ ಬರೆಯುವಾಗ ಒಂದಕ್ಕೆ ಮೂರು ಸಲ ಕೇಳಿ ಬರೆಯುತ್ತಿದ್ದವಳು ನಾನು. ನಾನು ಬರೆದದ್ದನ್ನು ಯಾವ ಡಾಕ್ಟರೂ ಮರುಪ್ರಶ್ನೆ ಮಾಡಿದ್ದಿಲ್ಲ. ಅಂಥವಳು ನನ್ನ ಮನೆಯಲ್ಲೇ, ಗಂಡನ ಮೇಲಿನ ಸಿಟ್ಟಿಗೆ, ಕಣ್ಣಾರೆ ಕಾಣದ್ದನ್ನು ದಾಖಲೆ ಮಾಡಿಬಿಟ್ಟೆ.

ಇವರದನ್ನು ಮುಗಿಸುವಷ್ಟರಲ್ಲಿ ನನಗೆ ಸಾಕಾಗಿತ್ತು. ನನ್ನ ಪುಟದಲ್ಲಿ ಹೆಸರು, ಹುಟ್ಟಿದ ದಿನ ಹಾಕಿ ಬಿಟ್ಟೆ. 'ನಿಮ್ಮ ಪುಟ ಶೇಕಡಾ ಹನ್ನೆರಡು ಮಾತ್ರ ಭರ್ತಿಯಾಗಿದೆ' ಎಂದು ಫೋನು ವಾರಕ್ಕೊಮ್ಮೆ ಗೋಗರೆಯುತ್ತಿತ್ತು. ಗೋಗರೆಯಲಿ ಎಂದು ಸುಮ್ಮನಿದ್ದೆ.

ಮೊನ್ನೆ ಗುರುವಾರ ಬೆಳಿಗ್ಗೆ ಇವರ ಕೈಯಿಂದ ಕಾಫಿಯ ಲೋಟ ಬಿತ್ತು. ಬಯ್ಯಲೆಂದು ತಿರುಗಿದರೆ ಬಲಗೈ ಜೋತುಬಿದ್ದಿದೆ, ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಏನೋ ಹೇಳಲು ಹೋಗಿ ತೊದಲುತ್ತಿದ್ದಾರೆ. ದೆವಾ! ರಿಕ್ಷಾ ಹತ್ತಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದಿರಬಹುದು. ಆಸ್ಪತ್ರೆಯ ಗೇಟು ಬರುವಾಗ ಕೈಯೂ ಸರಿಯಾಯಿತು, ಮಾತೂ ಬಂತು. ಬಂದ ಮೊದಲ ಮಾತು, "ಮನೆಗೆ ಹೋಗುವ."

"ಬಾಯಿ ಮುಚ್ಚಿ ಕೂತ್ಕೊಳ್ಳಿ," ಎಂದೆ. ಇಂಥದ್ದು ಒಮ್ಮೆ ಬಂದು ಹೋದರೆ ಎರಡನೆಯ ಸಲ ಬಂದದ್ದು ಹೋಗದೆಯೂ ಇರಬಹುದು ಎಂದು ನನಗೆ ಚೆನ್ನಾಗಿ ಗೊತ್ತು. ಹಾಗೆ ಮಲಗಿದವರನ್ನು ಎಷ್ಟು ಸಲ ಮಗ್ಗುಲು ಬದಲಿಸಿ ಮಲಗಿಸಿದ್ದೇನೆ.

ಕೌಂಟರಿನಲ್ಲಿ ಆ್ಯಪಿನ ಕೋಡ್ ಸ್ಕ್ಯಾನ್ ಮಾಡಿದ್ದೇ ತಡ, ನಾನು ತುಂಬಿಸಿದ್ದೆಲ್ಲ ಅವರ ಕಂಪ್ಯೂಟರಿನ ಮೇಲೆ ಬಂತು. ಅಲರ್ಜಿಯ ಗುರುತೆಂದು ಇವರ ಮಣಿಕಟ್ಟಿಗೆ ಕೆಂಪು ಪಟ್ಟಿ ಕಟ್ಟಿದರು. ತುರ್ತು ವಿಭಾಗದ ಡಾಕ್ಟರ್ ಅಶ್ಮಿತಾ ಎಂಬ ಹುಡುಗಿ, ಏವ್ರಿಲ್‌ಗಿಂತಲೂ ಸಣ್ಣವಳು. ಪರೀಕ್ಷೆ ಮಾಡಿ ನನ್ನ ಕಡೆ ತಿರುಗಿದಳು.

"ಆಂಟಿ, ಕುತ್ತಿಗೆಯ ರಕ್ತನಾಳದಲ್ಲಿ ಬ್ಲಾಕ್ ಉಂಟಾ ಅಂತ ಈಗಲೇ ನೋಡ್ಬೇಕು. ರಕ್ತಕ್ಕೆ ಬಣ್ಣದ ಔಷಧಿ ಕೊಟ್ಟು ಸ್ಕ್ಯಾನ್ ಮಾಡ್ಬೇಕು, ಅದು ಕೆಲವರಿಗೆ ಅಲರ್ಜಿ ಆಗ್ತದೆ. ಆದ್ರೆ ಇಲ್ಲಿ ಅಲರ್ಜಿ, ಉಸಿರುಗಟ್ಟುವುದು, ತೀವ್ರ ಅಂತ ಉಂಟಲ್ಲ?"

"ಅದು ಸೀಗಡಿಗೆ."

"ಸೀಗಡಿಗೂ ಈ ಔಷಧಿಗೂ ನೇರ ಸಂಬಂಧ ಇಲ್ಲ. ಆದ್ರೆ ಯಾವುದಕ್ಕಾದ್ರೂ ಉಸಿರುಗಟ್ಟಿದವರಿಗೆ ಮೊದಲೇ ಮಾತ್ರೆ ಕೊಟ್ಟು, ಹದಿಮೂರು ಗಂಟೆ ಕಾಯ್ಬೇಕು ಅಂತ ಇಲ್ಲಿಯ ನಿಯಮ. ಅಂದ್ರೆ ನಾಳೆಯೇ. ಅಷ್ಟರೊಳಗೆ ಇನ್ನೊಮ್ಮೆ ಬಂದ್ರೆ ಅಂತ ನನಗೆ ಹೆದರಿಕೆ. ಉಸಿರುಗಟ್ಟಿದ್ದನ್ನು ನೀವು ನೋಡಿದ್ದೀರಾ?"

ಒಂದು ದಿನವೂ ನೋಡಿರಲಿಲ್ಲ. ಒಂದು ತುರಿಕೆ, ಒಂದು ಗುಳ್ಳೆ ಕೂಡ ನೋಡಿರಲಿಲ್ಲ. ಇಷ್ಟು ವರ್ಷಗಳ ಮೇಲೆ ಒಬ್ಬ ಡಾಕ್ಟರ ಎದುರು ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

"ಮೊರಿಸ್, ಹೇಳಿ! ಸೀಗಡಿ ತಿಂದು ಎಂತ ಆಗಿತ್ತು?"

"ಅದನ್ನು ತೆಗೆದುಬಿಡಿ ಡಾಕ್ಟ್ರೆ. ಅಂಥದ್ದೆಂತ ಇಲ್ಲ."

"ಇಲ್ವಾ? ಇಲ್ಲದೆ ನಾನು ಇಷ್ಟು ವರ್ಷ ಮಾತ್ರೆ ಹೊತ್ಕೊಂಡು ತಿರುಗಿದ್ದಾ?"

"ಅಂಕಲ್, ಹಾಗೆ ಸುಮ್ಮನೆ ತೆಗೀಲಿಕ್ಕೆ ಆಗುವುದಿಲ್ಲ. ತಪ್ಪಾದ್ರೆ ಜೀವಕ್ಕೆ ಅಪಾಯ. ಯಾಕೆ ಇಲ್ಲ ಅಂತ ನನಗೆ ಸರಿಯಾಗಿ ಗೊತ್ತಾಗ್ಬೇಕು."

ಇವರು ತಲೆಯ ಮೇಲಿನ ಮಾಡು ನೋಡಿದರು, ಕೆಂಪು ಪಟ್ಟಿ ನೋಡಿದರು, ಆಮೇಲೆ, "ಇವಳನ್ನು ಸ್ವಲ್ಪ ಹೊರಗೆ ಕಳಿಸಿ, ಹೇಳ್ತೇನೆ," ಎಂದರು.

ನನ್ನನ್ನು! ಹೊರಗೆ! ನಲವತ್ತು ವರ್ಷ ಇವರ ಬನಿಯನ್ನು ಒಗೆದವಳನ್ನು! ಆ ಹುಡುಗಿ ಮಿಕಮಿಕ ನೋಡಿದಳು. ನಾನು ಬ್ಯಾಗು ಎತ್ತಿಕೊಂಡು ದಡದಡ ಹೊರಗೆ ಹೋದೆ. ಹೊರಗೆ ಎಂದರೆ ಪರದೆಯ ಆಚೆ. ಆಸ್ಪತ್ರೆಯ ಪರದೆ ಕಣ್ಣಿಗೆ ಮಾತ್ರ ಅಡ್ಡ, ಕಿವಿಗೆ ಅಲ್ಲ. ಡ್ರಾಯಿಂಗ್ ಮಾಸ್ಟ್ರಿಗೆ ಅದು ಗೊತ್ತಿರಲಿಲ್ಲ.

"ಅದು ಅಲರ್ಜಿ ಅಲ್ಲ ಡಾಕ್ಟ್ರೆ. ಹರಕೆ."

"ಹರಕೆಯಾ?"

"ನೈಂಟಿ ಸೆವೆನಲ್ಲಿ ಇವಳಿಗೆ ಜಾಂಡಿಸ್ ಆಗಿತ್ತು. ಯಾರೋ ಪೇಷಂಟಿಗೆ ಚುಚ್ಚಿದ ಸೂಜಿ ಕೈಗೆ ತಾಗಿ. ಇಪ್ಪತ್ಮೂರು ದಿವಸ ಮಲಗಿದ್ಲು. ಮಗುವನ್ನು ಒಮ್ಮೆ ತಂದು ತೋರಿಸಿ ಅಂತ ಡಾಕ್ಟ್ರು ಹೇಳಿದ್ರು. ಮಗುವಿಗೆ ನಾಲ್ಕು ವರ್ಷ. ಆವತ್ತು ಇಗರ್ಜಿಗೆ ಹೋಗಿ ದೇವರ ಹತ್ರ ಹೇಳಿದೆ, ಇವಳು ಉಳಿದ್ರೆ ಇನ್ನು ಸೀಗಡಿ ಮುಟ್ಟುವುದಿಲ್ಲ ಅಂತ. ಅದಕ್ಕಿಂತ ಇಷ್ಟದ್ದು ನನ್ನ ಹತ್ರ ಬೇರೆ ಎಂತ ಇರ್ಲಿಲ್ಲ."

"ಆಂಟಿಗೆ ಯಾಕೆ ಹೇಳ್ಲಿಲ್ಲ ಅಂಕಲ್?"

"ಯಾರಿಗೋಸ್ಕರ ಹೇಳಿಕೊಂಡದ್ದೋ ಅವರಿಗೆ ಗೊತ್ತಾದ್ರೆ ಹರಕೆ ಮುರೀತದೆ ಅಂತ ನನ್ನ ಅಮ್ಮ ಹೇಳ್ತಿದ್ರು. ನಾನು ಹೇಳಿ, ಇವಳಿಗೆ ಎಂತದಾದ್ರೂ ಆದ್ರೆ? ಈಗಲೂ ನೀವು ಹೇಳ್ಬೇಡಿ."

ಹುಡುಗಿ, "ಹರಕೆಗಿಂತ ಮೊದಲು ಸೀಗಡಿ ತಿಂದು ಎಂತದೂ ಆಗಿರ್ಲಿಲ್ಲ ಅಲ್ವಾ?" ಎಂದು ಕೇಳಿದಳು.

"ಎಂತ ಆಗುವುದು? ವಾರಕ್ಕೆ ಎರಡು ಸಲ ತಿಂತಿದ್ದೆ."

ಪರದೆಯ ಆಚೆ ನಿಂತಿದ್ದ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಹರಕೆ ಇವರದು, ಪಥ್ಯ ನನ್ನದೂ! ಮೊದಲೇ ಒಂದು ಮಾತು ಹೇಳಿದ್ದರೆ ಬಟಾಟೆ ಬಿಡಿ, ಹಾಗಲಕಾಯಿ ಬಿಡಿ ಎನ್ನುತ್ತಿದ್ದೆ. ಹೇಳುವ ಹಾಗಿರಲಿಲ್ಲವಂತೆ. ಈಗ ತಾನು ಅರ್ಧ ಮೈ ಬಿದ್ದು ಮಲಗುವ ಹೊತ್ತಿನಲ್ಲೂ ನನ್ನನ್ನು ಹೊರಗೆ ಕಳಿಸುತ್ತಾರಂತೆ, ನನಗೆ ಏನೂ ಆಗಬಾರದೆಂದು. ಇಂಥ ಪೆದ್ದನನ್ನು ಕಟ್ಟಿಕೊಂಡು ಏನು ಮಾಡಲಿ? ಆಮೇಲೆ ಗೋಡೆ ಹಿಡಿದುಕೊಂಡು ಅತ್ತೆ. ಸದ್ದಾಗದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ, ಪರದೆ ಅವರ ಕಿವಿಗೂ ಅಡ್ಡವಲ್ಲವಲ್ಲ.

ಡಾಕ್ಟರ್ ಅಶ್ಮಿತಾ ಹೊರಗೆ ಬಂದು ನನ್ನ ಮುಖ ನೋಡಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳು ತಲೆಯಾಡಿಸಿ, ಒಳಗೆ ಹೋಗಿ ಕೆಂಪು ಪಟ್ಟಿಯನ್ನು ಕತ್ತರಿಸಿದಳು.

ಅರ್ಧ ಗಂಟೆಯಲ್ಲಿ ಸ್ಕ್ಯಾನ್ ಆಯಿತು. ಎಡಗಡೆಯ ರಕ್ತನಾಳ ಮುಕ್ಕಾಲು ಕಟ್ಟಿತ್ತು. ಸಂಜೆಯೊಳಗೆ ಸ್ಟೆಂಟ್ ಹಾಕಿದರು. "ಇವತ್ತೇ ನೋಡಿದ್ದು ಒಳ್ಳೇದಾಯ್ತು ಆಂಟಿ," ಎಂದಳು ಆ ಹುಡುಗಿ. ಅವಳ ಕೈ ಹಿಡಿದುಕೊಂಡೆ.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಇವರು ಗಂಜಿ ಕುಡಿಯುತ್ತಿದ್ದರು, ಬಲಗೈಯಲ್ಲೇ.

"ಡಾಕ್ಟ್ರು ನಿನಗೆ ಎಂತ ಹೇಳಿದ್ರು?" ಎಂದು ಲೋಟದ ಮೇಲಿಂದ ನೋಡಿದರು.

"ಎಂತ ಹೇಳ್ತಾರೆ? ಅಲರ್ಜಿ ತನ್ನಷ್ಟಕ್ಕೆ ಹೋಗಿದೆ ಅಂತ. ಆದ್ರೂ ಸೀಗಡಿ ಮನೆಗೆ ತರುವುದು ಬೇಡ. ನನಗೆ ಅದರ ವಾಸನೆ ಮರೆತುಹೋಗಿದೆ."

ಇವರು ನೆಮ್ಮದಿಯ ಉಸಿರುಬಿಟ್ಟು ಗಂಜಿಗೆ ಮರಳಿದರು.

ನಾನು ಫೋನು ತೆಗೆದು ಇವರ ಪುಟದಿಂದ ಸೀಗಡಿಯನ್ನು ಅಳಿಸಿದೆ. 'ಕಾರಣ?' ಎಂದು ಕೇಳಿತು. 'ತಪ್ಪಾಗಿ ದಾಖಲಿಸಲಾಗಿದೆ' ಎಂಬುದನ್ನು ಒತ್ತಿದೆ. ಮೂವತ್ತೊಂದು ವರ್ಷ ದಾಖಲೆ ಬರೆದವಳು ಹಾಗೆ ಒಪ್ಪಿಕೊಂಡದ್ದು ಅದೇ ಮೊದಲು.

ಆಮೇಲೆ ನನ್ನ ಪುಟ ತೆರೆದೆ. ಅದನ್ನು ಇವರು ಜನ್ಮದಲ್ಲಿ ಬಿಚ್ಚಿ ನೋಡುವವರಲ್ಲ. ಕಾಯಿಲೆ: ಜಾಂಡಿಸ್. ವರ್ಷ: 1997. ಚಿಕಿತ್ಸೆ ಎಂಬಲ್ಲಿ, 'ಸೀಗಡಿ ಬಿಟ್ಟ ಪಥ್ಯ, ಮಾಡುತ್ತಿರುವವರು ಗಂಡ' ಎಂದು ಬರೆದೆ.

ಚಿಕಿತ್ಸೆ ಈಗಲೂ ಮುಂದುವರಿದಿದೆಯೇ ಎಂದು ಆ್ಯಪ್ ಕೇಳಿತು.

ಹೌದು ಎಂದು ಒತ್ತಿದೆ.