ಗೋಲಿ ಮಷೀನಿಗೆ ಏರಿಸಿದ ಚೆಂಡುಹೂವು

ನಾನು ಒಂದು ಗೋಲಿ ಮಷೀನು. ಪಿನ್‌ಬಾಲ್ ಎಂಬುದು ನನ್ನ ನಿಜವಾದ ಹೆಸರು. ಆದರೆ ಹುಬ್ಬಳ್ಳಿಗೆ ಬಂದಮೇಲೆ ಆ ಹೆಸರಿನಿಂದ ನನ್ನನ್ನು ಯಾರೂ ಕರೆದದ್ದಿಲ್ಲ.

ಹುಟ್ಟಿದ್ದು ಸಮುದ್ರದ ಆಚೆ, ಒಂದು ದೊಡ್ಡ ಕಾರ್ಖಾನೆಯಲ್ಲಿ. ಮರದ ಪೆಟ್ಟಿಗೆಯೇ ನನ್ನ ಮೈ. ಮೇಲೆ ಗಾಜು, ಗಾಜಿನ ಕೆಳಗೆ ಇಳಿಜಾರಾದ ಹಲಗೆ, ಹಲಗೆಯ ತುಂಬ ದೀಪ, ಗಂಟೆ, ರಬ್ಬರ್ ಸುತ್ತಿದ ಕಂಬಗಳು. ತಳದಲ್ಲಿ ಎರಡು ಪುಟ್ಟ ರೆಕ್ಕೆ. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಉಕ್ಕಿನ ಗೋಲಿ ಮೇಲಕ್ಕೆ ಹಾರುತ್ತದೆ, ಕಂಬಕ್ಕೆ ಬಡಿಯುತ್ತ, ಗಂಟೆ ಬಾರಿಸುತ್ತ ಕೆಳಗಿಳಿಯುತ್ತದೆ. ಆಡುವವನು ನನ್ನ ಎರಡು ಪಕ್ಕದ ಬಟನ್ ಒತ್ತಿ, ರೆಕ್ಕೆಯಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ತಪ್ಪಿದರೆ ಗೋಲಿ ನನ್ನ ಹೊಟ್ಟೆಗೆ. ಇಷ್ಟಕ್ಕೇ ಮೀಸೆ ಹೊತ್ತ ಗಂಡಸರು ಬೆವರುವುದನ್ನು ನೋಡಿ ನನಗೆ ಮೊದಮೊದಲು ನಗು ಬರುತ್ತಿತ್ತು.

ನನಗೆ ಸಿಟ್ಟೂ ಉಂಟು. ಸೋಲುವವರು ನನ್ನನ್ನು ಎತ್ತಿ ಕುಲುಕುತ್ತಾರೆ. ಆಗ ನನ್ನೊಳಗೆ ತೂಗುಬಿಟ್ಟ ಒಂದು ಗುಂಡು ಅಲ್ಲಾಡಿ ತಂತಿಗೆ ತಗಲುತ್ತದೆ, ದೀಪವೆಲ್ಲ ಆರುತ್ತದೆ, ರೆಕ್ಕೆ ಏಳುವುದಿಲ್ಲ. ಆ ಆಟ ಅಲ್ಲಿಗೆ ಮುಗಿಯಿತು. ಕಾಡಿ ಬೇಡಿದರೂ ನಾನು ಕರಗುವವನಲ್ಲ.

ಹಡಗಿನಲ್ಲಿ ಮುಂಬಯಿಗೆ ಬಂದೆ. ಅಲ್ಲಿ ಒಂದು ಇರಾನಿ ಹೋಟೆಲಿನ ಮೂಲೆಯಲ್ಲಿ ಕೆಲವು ವರ್ಷ ಚಹಾದ ಕಲೆ ಹೊತ್ತು ನಿಂತಿದ್ದೆ. ಹೋಟೆಲು ಮುಚ್ಚಿದಾಗ ನನ್ನನ್ನು ಕೊಂಡು ಲಾರಿಗೆ ಹೇರಿಸಿದವರು ಹುಬ್ಬಳ್ಳಿಯ ಮಡಿವಾಳಪ್ಪ ಮೆಣಸಿನಕಾಯಿ. ಹೆಸರಿಗೆ ಮೆಣಸಿನಕಾಯಿ, ಮಾರುವುದು ತಣ್ಣನೆಯ ಸೋಡಾ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಬಸ್ಸು ತಪ್ಪಿದವರು, ಕಾಲೇಜು ತಪ್ಪಿಸಿದವರು ಎಲ್ಲರೂ ನನ್ನ ಸುತ್ತ ಸೇರಿದರು.

"ಸಾವ್ಕಾರ್ರ, ನಿಮ್ಮ ನೆಲಾನ ಡೊಂಕ ಐತ್ರಿ! ಅದಕ್ಕ ಗೋಲಿ ಹೊಳ್ಳಿ ಹೊಳ್ಳಿ ನಡುವ ಬೀಳತೈತಿ" ಎಂದು ಸೋತವರು ದೂರುತ್ತಿದ್ದರು.

"ಕುಣೀಲಾರದಕಿ ನೆಲ ಡೊಂಕ ಅಂದ್ಲಂತ. ಸರಿ ಆ ಕಡೆ, ಮುಂದಿನವರಿಗೆ ಬಿಡು" ಎನ್ನುತ್ತಿದ್ದರು ಮೆಣಸಿನಕಾಯಿ.

ನನ್ನ ನೆಲದ ಮೇಲೆ ದೂರು ಹೇಳದಿದ್ದವನು ಒಬ್ಬನೇ, ಎದುರಿನ ಅಂಗಡಿಯ ಪಾಂಡುರಂಗ ಬೊಂಗಾಳೆ. ಅವನು ಸಿಂಪಿಗ. ಆಗ ಬೆಲ್‌ಬಾಟಂ ಪ್ಯಾಂಟಿನ ಕಾಲ. ಪಾಂಡುರಂಗ ಕತ್ತರಿಸಿದ ಬೆಲ್‌ಬಾಟಂ ತೊಟ್ಟವನು ಬೀದಿ ಗುಡಿಸುತ್ತಲೇ ನಡೆದರೂ ರಾಜನಂತೆ ಕಾಣುತ್ತಾನೆ ಎಂದು ಜನ ಹೇಳುತ್ತಿದ್ದರು. ಅವನು ಕತ್ತರಿಸಿ ಕೊಡುತ್ತಿದ್ದ, ಹೆಂಡತಿ ಸುಭದ್ರಾ ಹೊಲಿಯುತ್ತಿದ್ದಳು. ಅವರ ಮನೆತನದಲ್ಲಿ ಒಂದು ಕಟ್ಟು ಇತ್ತು. ಕತ್ತರಿಯನ್ನು ಬಟ್ಟೆ ಕತ್ತರಿಸುವ ಮಾಸ್ತರನೊಬ್ಬನೇ ಮುಟ್ಟಬೇಕು. ಅದು ಕೈ ಬದಲಾಗುವುದಿದ್ದರೆ ದಸರೆಯ ಬನ್ನಿಯ ದಿನ, ಹಳೆಯ ಮಾಸ್ತರನೇ ತನ್ನ ಕೈಯಾರೆ ಕೊಡಬೇಕು. ಪಾಂಡುರಂಗನ ಅಪ್ಪ ಹಾಗೆಯೇ ಮಗನಿಗೆ ಕೊಟ್ಟಿದ್ದರು.

ಆ ಕತ್ತರಿ ಹಿಡಿದ ಬೆರಳು ನನ್ನ ಬಟನ್ನಿನ ಮೇಲೆ ಬಿದ್ದ ದಿನ ನನಗೆ ಮೈ ಝುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ, ಅಂಥ ಕೈ ನಾನು ಮುಂಬಯಿಯಲ್ಲೂ ಕಂಡಿರಲಿಲ್ಲ. ಅವನು ಕುಲುಕುತ್ತಿರಲಿಲ್ಲ, ಒದೆಯುತ್ತಿರಲಿಲ್ಲ. ಗೋಲಿಯನ್ನು ರೆಕ್ಕೆಯ ಮೇಲೆ ನಿಲ್ಲಿಸಿಕೊಂಡು, ಬೇಕಾದ ಗಂಟೆಗೆ ಗುರಿಯಿಟ್ಟು ಬಿಡುತ್ತಿದ್ದ. ಜನ ಸುತ್ತ ನಿಂತು ಸಿಳ್ಳೆ ಹಾಕಿದರು. ಮೆಣಸಿನಕಾಯಿ ಅವನ ಹೆಸರನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದರು. ಪಾಂಡುರಂಗ ಆ ಗೋಡೆಯನ್ನು ತಿರುಗಿ ತಿರುಗಿ ನೋಡುತ್ತ ಮನೆಗೆ ಹೋದ.

ಆಮೇಲೆ ಅವನು ಹೋಗುವುದೇ ಕಡಿಮೆಯಾಯಿತು.

"ರೀ, ಗಿರಾಕಿ ಬಂದ ಕುಂತಾರ್ರಿ" ಎಂದು ಸುಭದ್ರಾ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು.

"ಬಂದೆ, ಇದೊಂದ ಗೋಲಿ" ಎನ್ನುತ್ತಿದ್ದ ಅವನು, ಗಾಜಿನಿಂದ ಕಣ್ಣು ಕೀಳದೆ.

ಬೀದಿಯ ಹುಡುಗರಿಗೆಲ್ಲ ಆಟ ಕಲಿಸುವುದಕ್ಕೆ ಅವನಿಗೆ ಪುರಸೊತ್ತು. ಗಿರಾಕಿಯ ಅಳತೆ ತೆಗೆಯುವುದಕ್ಕೆ ಇಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ದಸರೆ ಹತ್ತಿರ ಬಂತು. ಸಿಂಪಿಗರಿಗೆ ಗಾಳಿ ಬಂದಾಗ ತೂರಿಕೊಳ್ಳುವ ಕಾಲ. ಎದುರಿನ ಅಂಗಡಿಯಲ್ಲಿ ಬಟ್ಟೆಯ ತಾನುಗಳು ಒಂದರ ಮೇಲೊಂದು ಬಿದ್ದಿದ್ದವು. ಕತ್ತರಿಸುವವನು ನನ್ನ ಮುಂದೆ. ಸುಭದ್ರಾ ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಗಿರಾಕಿಗಳು ಬೈದು, ಬಟ್ಟೆ ವಾಪಸ್ಸು ಹೊತ್ತುಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ, ಪಾಂಡುರಂಗ ಊಟಕ್ಕೆ ಹೋದ ಹೊತ್ತಿನಲ್ಲಿ, ಅವಳು ಸೋಡಾ ಅಂಗಡಿಗೆ ಬಂದಳು.

"ಅಣ್ಣಾರ, ಇದನ್ನ ಬಂದ್ ಮಾಡಾಕ ಬರೂದಿಲ್ಲೇನ್ರಿ?" ಎಂದು ಮೆಣಸಿನಕಾಯಿಯವರನ್ನು ಕೇಳಿದಳು.

"ಬಂದ್ ಮಾಡಿದ್ರ ಇಸ್ಪೀಟ್ ಹಿಡೀತಾನ ತಂಗಿ. ಇಲ್ಲೆರ ನಿನ್ನ ಕಣ್ಣೆದುರಿಗೆ ಅದಾನ."

ಸುಭದ್ರಾ ನನ್ನ ಗಾಜಿನ ಕಡೆ ತಿರುಗಿದಳು. "ಹಂಗಾರ ನಾ ಒಂದ ಕೆಲಸ ಮಾಡತೇನ್ರಿ. ಬನ್ನಿ ದಿನ ಅವರ ಹತ್ರ ಕತ್ತರಿ ಕೇಳತೇನಿ. ಕೇಳಿದ್ರ ಸಿಟ್ಟ ಬರತೈತಿ. ನಮ್ಮಪ್ಪನ ಕತ್ತರಿ ಹೆಂಗ ಕೇಳಿದಿ ಅಂತ ಒದರತಾರ. ಒದರ್ಲಿ. ಅಷ್ಟ ಅಂದ್ರ ಸಾಕು ನನಗ."

ನನಗೆ ಅಂದಿನಿಂದ ನೆಮ್ಮದಿ ಹೋಯಿತು.

ನವಮಿಯ ದಿನ ಖಂಡೇಪೂಜೆ. ನಮ್ಮ ಬೀದಿಯಲ್ಲಿ ಅಂದು ಹತಾರಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಹೂವೇರಿಸಿ ಕೂರಿಸುತ್ತಾರೆ. ಮರುದಿನ ಬನ್ನಿ ಮುಡಿಯುವವರೆಗೂ ಯಾರೂ ಅವುಗಳಿಂದ ಕೆಲಸ ಮಾಡುವುದಿಲ್ಲ. ಮೆಣಸಿನಕಾಯಿ ನನ್ನ ಪ್ಲಗ್ ಕಿತ್ತಿಟ್ಟಿದ್ದರು. ಅಷ್ಟರಲ್ಲಿ ಪಾಂಡುರಂಗ ಮಿಂದು, ಮಡಿ ಉಟ್ಟು, ಮಾರುದ್ದದ ಚೆಂಡುಹೂವಿನ ಮಾಲೆ ತಂದ. ನನ್ನ ಗಾಜು ಒರೆಸಿದ, ಹಣೆಗೆ ಎಂಬಂತೆ ಮೇಲುಗಡೆ ಕುಂಕುಮ ಹಚ್ಚಿದ, ಮಾಲೆ ಏರಿಸಿದ, ಕಾಯಿ ಒಡೆದ, ಕೈಮುಗಿದ.

"ಪಾಂಡ್ಯಾ, ನಿನ್ನ ಕತ್ತರೀದು ಪೂಜಿ ಆತೇನೋ?" ಎಂದು ಮೆಣಸಿನಕಾಯಿ ಕೇಳಿದರು.

ಪಾಂಡುರಂಗನ ಕೈ ಮುಗಿದಂತೆಯೇ ನಿಂತುಬಿಟ್ಟಿತು. ಅವನು ಮರೆತಿದ್ದ. ಸಿಂಪಿಗನಾಗಿ ಹುಟ್ಟಿ, ಖಂಡೇಪೂಜೆಯ ದಿನ ಕತ್ತರಿಯನ್ನು ಮರೆತಿದ್ದ. ಎದುರಿನ ಬಾಗಿಲಲ್ಲಿ ಸುಭದ್ರಾ ಆರತಿಯ ತಟ್ಟೆ ಹಿಡಿದು ನಿಂತು ಎಲ್ಲವನ್ನೂ ನೋಡುತ್ತಿದ್ದಳು. ತಟ್ಟೆ ಹಿಡಿದೇ ಒಳಗೆ ಹೋದಳು. ಆ ಹೂವಿನ ಮಾಲೆ ನನಗೆ ಬೇಡವಾಗಿತ್ತು. ಕಿತ್ತೆಸೆಯಲು ನನಗೆ ಕೈಯಿಲ್ಲ.

ಮರುದಿನ ಸಂಜೆ ಬೀದಿಯ ತುಂಬ ಬನ್ನಿ ಹಿಡಿದವರೇ. ವರ್ಷದ ಜಗಳವನ್ನೆಲ್ಲ ಮರೆತು ಒಬ್ಬರಿಗೊಬ್ಬರು ಎಲೆ ಕೊಡುವ ಹೊತ್ತು. ನನ್ನ ಪ್ಲಗ್ ಮತ್ತೆ ಹಾಕುತ್ತಲೇ ಪಾಂಡುರಂಗ ನನ್ನ ಮುಂದೆ ಬಂದು ನಿಂತಿದ್ದ. ಸುಭದ್ರಾ ಹೊಸ ಇಲಕಲ್ ಸೀರೆಯುಟ್ಟು ಅಂಗಡಿಯೊಳಗೇ ಬಂದಳು. ಗಂಡನ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟಿದಳು. ಸೆರಗಿನಲ್ಲಿ ಸುತ್ತಿ ತಂದಿದ್ದ ಕತ್ತರಿಯನ್ನು ನನ್ನ ಗಾಜಿನ ಮೇಲಿಟ್ಟಳು. ಗೋಲಿ ಇನ್ನೂ ಒಳಗೆ ಓಡುತ್ತಿತ್ತು.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎಂದಳು. "ಈ ಕತ್ತರಿ ಇನ್ನ ನನಗ ಕೊಟ್ಟಬಿಡ್ರಿ."

ಮೆಣಸಿನಕಾಯಿ ಸೋಡಾ ಬಾಟಲಿ ಕೆಳಗಿಟ್ಟರು. ಒದರು, ಪಾಂಡುರಂಗ, ಒಮ್ಮೆ ಒದರು ಎಂದು ನಾನು ಒಳಗೊಳಗೇ ಬೇಡಿಕೊಂಡೆ. ನನ್ನನ್ನು ಒದ್ದರೂ ಸರಿ, ಕುಲುಕಿದರೂ ಸರಿ.

ಅವನು ಕತ್ತರಿಯನ್ನು ನೋಡಿದ. ಅದು ಗೋಲಿ ಕಾಣದಂತೆ ಅಡ್ಡವಾಗಿತ್ತು. ಬಲಗೈಯಿಂದ ಅದನ್ನೆತ್ತಿ ಅವಳ ಕೈಗೆ ಕೊಟ್ಟ. ಹೊರೆ ಇಳಿಸಿದವನಂತೆ ಅವನ ಮುಖ ಹಗುರಾಗಿತ್ತು.

"ಚಲೋ ಆತು ನೋಡು. ನಿನ್ನ ಕೈಯಾಗ ಇರಲಿ" ಎಂದು ನಕ್ಕು, ಮತ್ತೆ ಬಟನ್ ಒತ್ತಿದ. ರೆಕ್ಕೆ ಎದ್ದಿತು, ಗಂಟೆ ಮೊಳಗಿತು. ಸುಭದ್ರಾ ಆ ಸದ್ದಿನಲ್ಲೇ ಬೀದಿ ದಾಟಿದಳು. ಅಂದು ಅವಳು ಮತ್ತೆ ಯಾರಿಗೂ ಬನ್ನಿ ಕೊಡಲಿಲ್ಲ.

ಮೊದಲು ಅವಳ ಕತ್ತರಿ ವಾರೆ ಹೋಯಿತು, ಒಂದೆರಡು ತಾನು ಹಾಳಾದವು. ಆಮೇಲೆ ಕೈ ಕುದುರಿತು. ಲಂಗ, ಜಂಪರು, ಶಾಲೆಯ ಅಂಗಿ, ಕೊನೆಗೆ ಪ್ಯಾಂಟು. ಗಿರಾಕಿಗಳು ಹಿಂದಿರುಗಿದರು. ಪಾಂಡುರಂಗ ನನ್ನ ಮುಂದೆಯೇ ಉಳಿದ, ವರ್ಷಗಟ್ಟಲೆ. ಸಿಳ್ಳೆ ಹಾಕುವವರು ಯಾವತ್ತೋ ಬಿಟ್ಟುಹೋಗಿದ್ದರು. ಸುಣ್ಣ ಬಳಿದಾಗ ಗೋಡೆಯ ಮೇಲಿನ ಹೆಸರೂ ಹೋಯಿತು.

ಒಂದು ದಿನ ನನ್ನೊಳಗೆ ಸುಟ್ಟ ವಾಸನೆ ಬಂತು. ರೆಕ್ಕೆ ಎಬ್ಬಿಸುವ ತಂತಿಯ ಸುರುಳಿ ಕರಗಿತ್ತು. ರೇಡಿಯೋ ರಿಪೇರಿಯವನು ಬಂದು ಮೂಗು ಮುಚ್ಚಿಕೊಂಡು, "ಇದರ ಸಾಮಾನ ಎಲ್ಲೀದ್ರಿ ಈಗ?" ಎಂದು ಹೋದ. ನನ್ನನ್ನು ಅಂಗಡಿಯ ಹೊರಗಿನ ಕಟ್ಟೆಗೆ ನೂಕಿ, ಮೇಲೆ ಖಾಲಿ ಬಾಟಲಿಗಳ ಪೆಟ್ಟಿಗೆ ಪೇರಿಸಿದರು. ಪಾಂಡುರಂಗ ಕೆಲವು ದಿನ ಬಂದು ಆ ಪೆಟ್ಟಿಗೆಗಳ ಪಕ್ಕದಲ್ಲೇ ನಿಂತು ಸತ್ತ ಬಟನ್ ಒತ್ತಿದ. ಮಕ್ಕಳು ನಕ್ಕವು. ಆಮೇಲೆ ಬೀದಿ ದಾಟಿ, ಹೆಂಡತಿಯ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಅವಳು ಸೂಜಿ, ದಾರ, ಒಂದು ಅಂಗಿ ಅವನ ಪಕ್ಕಕ್ಕಿಟ್ಟಳು. ಅಂದಿನಿಂದ ಅವನು ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತಾನೆ.

ಈಗ ನನಗೂ ವಯಸ್ಸಾಗಿದೆ. ಹಲಗೆಗೆ ಗೆದ್ದಲು ಹತ್ತಿದೆ. ಹೋದವಾರ ತಲೆ ನರೆತ ಒಬ್ಬ ಗಿರಾಕಿ ಪ್ಯಾಂಟಿನ ಬಟ್ಟೆ ಹಿಡಿದು ಎದುರಿನ ಅಂಗಡಿಗೆ ಬಂದ. "ಮಗನ ಲಗ್ನ ಐತಿ ಪಾಂಡುರಂಗ. ನನ್ನ ಲಗ್ನದ ಪ್ಯಾಂಟ್ ನೀನ ಕತ್ತರಿಸಿದ್ದಿ. ಇದೂ ನಿನ್ನ ಕೈಲೇನ ಆಗಲಿ" ಎಂದ.

ಸುಭದ್ರಾಳ ಕೈ ನಿಂತಿತು. ಅವಳು ಕತ್ತರಿಯನ್ನು ಸೆರಗಿಗೆ ಒರೆಸಿ, ಹಿಡಿಯನ್ನು ಗಂಡನ ಕಡೆಗೆ ಮಾಡಿ ಚಾಚಿದಳು. ಬನ್ನಿಯ ದಿನವಲ್ಲ, ಶಾಸ್ತ್ರವಿಲ್ಲ, ಸುಮ್ಮನೆ ಚಾಚಿದಳು.

"ತಗೋರಿ" ಎಂದಳು.

ಪಾಂಡುರಂಗ ಎರಡೂ ಕೈಯನ್ನು ಕಾಜಾ ಹಾಕುತ್ತಿದ್ದ ಅಂಗಿಯ ಕೆಳಗೆ ಬಚ್ಚಿಟ್ಟುಕೊಂಡ.

"ಬ್ಯಾಡ, ಸುಭದ್ರಾ. ನೀನ ಮಾಡು. ಕತ್ತರಿ ಹಿಡಿದ್ರ ನನ್ನ ಕೈ ನನ್ನ ಮಾತ ಕೇಳಂಗಿಲ್ಲ."

ಅವಳು ಚಾಚಿದ ಕೈಯನ್ನು ತುಂಬ ಹೊತ್ತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.