ಅಪ್ಪಣೆಯ ಕೇಬಲ್

ಮೂವತ್ತು ವರ್ಷದಿಂದ ಜನರ ಮನೆಗೆ ವೈರಿಂಗ್ ಮಾಡುತ್ತಿದ್ದೇನೆ. ನಾನು ಹಾಕಿದ ಸ್ವಿಚ್ ಒತ್ತಿ ಇದುವರೆಗೆ ಯಾರೂ ಸತ್ತಿಲ್ಲ. ಇಂಥವನಿಗೆ ಮೂರು ಕೇಬಲ್ ಚುಚ್ಚುವುದು ಯಾವ ಲೆಕ್ಕ, ಎಂದು ನಾನು ಅಂದುಕೊಂಡೆ. ಬೇರೆ ಯಾರೂ ಹಾಗೆ ಅಂದುಕೊಂಡಿರಲಿಲ್ಲ.

ನಮ್ಮದು ಮೂವರ ವಾದ್ಯತಂಡ. ಕೀಬೋರ್ಡ್ ನುಡಿಸುವವಳು ನನ್ನ ನಾದಿನಿ, ಹೆಂಡತಿಯ ತಂಗಿ. ಬಸ್ ನಿಲ್ದಾಣದಲ್ಲಿ ಅವಳು ಟೈಮ್ ಕೀಪರ್. ಅವಳು ಸೀಟಿ ಊದದೆ ಒಂದು ಬಸ್ಸೂ ಕದಲುವುದಿಲ್ಲ. ಡ್ರಮ್ಸ್ ಬಾರಿಸುವವನು ಕಟಿಂಗ್ ಶಾಪಿನ ಯಜಮಾನ, ಅವನನ್ನು ಎಲ್ಲರೂ ಕತ್ರಿ ಅಂತಲೇ ಕರೆಯುವುದು. ಬೇಸ್ ಗಿಟಾರ್ ನನ್ನದು. ದಪ್ಪ ದನಿಯ ಈ ವಾದ್ಯ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದಿದ್ದರೂ ಗೊತ್ತಾಗುವುದಿಲ್ಲ ಎಂಬುದು ನಾದಿನಿಯ ವಾದ.

ಹೋದ ತಿಂಗಳ ಕಾರ್ಯಕ್ರಮದಲ್ಲಿ ಆ ವಾದಕ್ಕೆ ಕೈಯಾರೆ ಬಲ ತುಂಬಿದವನು ನಾನೇ. ಹಾಡು ಬದಲಾದಾಗ ದನಿಯೂ ಬದಲಾಗಬೇಕು, ಅದಕ್ಕೊಂದು ಪೆಡಲ್ ಒತ್ತಬೇಕು. ಮರೆತೆ. ಜೋಗುಳದಂಥ ಹಾಡಿಗೆ ಕುಣಿತದ ಗುಡುಗು ಹಾಕಿದೆ. ಮುಂದಿನ ಸಾಲಿನಲ್ಲಿ ಮಲಗಿದ್ದ ಕೂಸು ಕಿಟಾರನೆ ಕಿರುಚಿತು.

"ಭಾವ, ಇನ್ನೊಂದು ಸಲ ಹಿಂಗಾದ್ರೆ ಬೇಸ್ ನಾನೇ ಎಡಗೈಲಿ ನುಡಿಸ್ತೀನಿ. ನೀವು ಪೆಟ್ಟಿಗೆ ಹೊತ್ಕೊಂಡು ಬಂದ್ರೆ ಸಾಕು," ಎಂದಳು ನಾದಿನಿ. ನಗುನಗುತ್ತಲೇ ಹೇಳಿದಳು. ಆದರೆ ಓಡೋಡಿ ಬರುವ ಪ್ರಯಾಣಿಕನನ್ನು ಬಿಟ್ಟು ಬಸ್ ಕಳಿಸುವಾಗಲೂ ಅವಳು ನಗುತ್ತಲೇ ಇರುತ್ತಾಳೆ.

ಅದಕ್ಕೇ ಮಾಡೆಲರ್ ಕೊಂಡುಕೊಂಡೆ. ಊಟದ ಡಬ್ಬಿಯಷ್ಟು ಪೆಟ್ಟಿಗೆ. ಬೀರುವಿನಷ್ಟು ದೊಡ್ಡ ಆಂಪ್ಲಿಫೈಯರುಗಳ ದನಿಯನ್ನೆಲ್ಲ ಅಣಕಿಸುತ್ತದೆ. ನೂರು ನಂಬರು, ನಂಬರಿಗೊಂದು ದನಿ. ಐದು ಪಿನ್ನಿನ ಮಿಡಿ ಕೇಬಲ್ಲಿನಿಂದ ಕೀಬೋರ್ಡಿಗೆ ಜೋಡಿಸಿದರೆ, ಒಂದರಲ್ಲಿ ನಂಬರು ಬದಲಿಸಿದಾಗ ಇನ್ನೊಂದೂ ಅದೇ ನಂಬರಿಗೆ ಹೋಗುತ್ತದಂತೆ. ಅಂಗಡಿಯವನು ಇಷ್ಟು ಹೇಳಿದ್ದೇ ತಡ, ನಾನು ಕಾಲಲ್ಲಿ ಒತ್ತಿದಂತೆ ನಾದಿನಿಯ ಕೀಬೋರ್ಡು ಕುಣಿಯುವ ದೃಶ್ಯ ಕಣ್ಣಮುಂದೆ ಬಂತು. ಉಳಿದದ್ದು ಕಿವಿಗೆ ಬೀಳಲಿಲ್ಲ.

"ಜೊತೆಗೆ ಪುಸ್ತಕ ಬಂದಿದೆಯಲ್ರೀ, ಒಂದ್ಸಲ ನೋಡಬಾರ್ದಾ?" ಎಂದಳು ಹೆಂಡತಿ.

"ವೈರು ಅಂದ್ರೆ ವೈರು ಕಣೇ. ಅದನ್ನ ಚುಚ್ಚೋಕೂ ಪುಸ್ತಕ ಓದ್ಬೇಕಾ?"

ಕತ್ರಿಯ ಅಂಗಡಿಗೆ ರಜೆಯಿದ್ದ ದಿನ ಅಲ್ಲೇ ತಾಲೀಮು. ಗಿಟಾರಿನಿಂದ ಮಾಡೆಲರಿಗೆ ಒಂದು ಕೇಬಲ್, ಮಾಡೆಲರಿನಿಂದ ಮಿಕ್ಸರಿಗೆ ಇನ್ನೊಂದು. ಮಿಡಿಯ ತೂತುಗಳು ಮಾಡೆಲರಿನಲ್ಲೂ ಕೀಬೋರ್ಡಿನಲ್ಲೂ ಎರಡೆರಡು ಇದ್ದವು. ಕೈಗೆ ಸುಲಭವಾಗಿ ಸಿಕ್ಕ ತೂತಿಗೆ ಚುಚ್ಚಿ ಎದ್ದು ನಿಂತೆ.

ಮೊದಲ ಹಾಡು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಯಿತು. ಎರಡನೆಯದಕ್ಕೆ ನಾದಿನಿ ಕೊಳಲಿನ ದನಿ ಹಾಕಿಕೊಂಡಳು. ನಾನು ತಂತಿ ಮೀಟಿದೆ. ಕೆಸರಲ್ಲಿ ಹೂತ ಲಾರಿ ಗೊರಗುಟ್ಟಿದಂತಾಯಿತು. ಅವಳು ಆರ್ಗನ್ನಿಗೆ ಬದಲಿಸಿದಳು. ನನ್ನ ಗಿಟಾರು ಸೊಳ್ಳೆಯಾಯಿತು. ನಾನೇನೂ ಒತ್ತಿರಲಿಲ್ಲ. ನಾಲ್ಕೂ ಕನ್ನಡಿಗಳಲ್ಲಿ ನನ್ನದೇ ಪೆಚ್ಚುಮೋರೆ.

"ಈ ಅಂಗಡಿ ಅರ್ಥಿಂಗೇ ಸರಿಯಿಲ್ಲ," ಎಂದೆ ಗತ್ತಿನಿಂದ. "ಯಾವನೋ ತಿಳಿಗೇಡಿ ವೈರಿಂಗ್ ಮಾಡಿದ್ದಾನೆ."

ಕತ್ರಿ ಡ್ರಮ್ಮಿನ ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟ. "ಮಾಡಿದ್ದು ನೀನೇ ಅಲ್ವೇನಣ್ಣ?"

ನಾದಿನಿ ನಕ್ಕೂ ನಕ್ಕೂ ಕ್ಷೌರದ ಕುರ್ಚಿಯಲ್ಲಿ ಕುಸಿದಳು. ಕಣ್ಣೊರೆಸಿಕೊಂಡು, "ಭಾನುವಾರದ ಕಾರ್ಯಕ್ರಮಕ್ಕೆ ಎಡಗೈನೇ ಗತಿ ಭಾವ," ಎಂದಳು. ಆಗ ನಗುತ್ತಿರಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಮನೆಗೆ ಬಂದು ಮುಖ ಊದಿಸಿಕೊಂಡು ಕೂತೆ. ಹೆಂಡತಿ ಸೊಪ್ಪು ಬಿಡಿಸುತ್ತಾ ಆ ಪುಸ್ತಕವನ್ನು ಮಂಡಿಯ ಮೇಲೆ ತೆರೆದಿಟ್ಟುಕೊಂಡಿದ್ದಳು.

"ಈ ಮಿಡಿ ವೈರಲ್ಲಿ ಶಬ್ದ ಹೋಗಲ್ವಂತೆ ಕಣ್ರೀ. ಬರೀ ಅಪ್ಪಣೆ ಹೋಗುತ್ತಂತೆ, ಅದೂ ಒಂದೇ ದಿಕ್ಕಿಗೆ. ಔಟ್ ಅಂತ ಇರೋ ಕಡೆಯಿಂದ ಇನ್ ಅಂತ ಇರೋ ಕಡೆಗೆ. ನಿಮ್ಮ ಡಬ್ಬೀಲಿ ಯಾವ ತೂತಿಗೆ ಹಾಕಿದ್ರಿ?"

ಎದ್ದು ಹೋಗಿ ನೋಡಿದೆ. "ಇನ್."

"ಹಂಗಾದ್ರೆ ನನ್ನ ತಂಗಿ ಹೇಳ್ತಾಳೆ, ನೀವು ಕೇಳ್ತೀರಿ. ಅವಳು ಕೊಳಲಿಗೆ ಅಂತ ಎಪ್ಪತ್ನಾಲ್ಕು ಒತ್ತಿದ್ರೆ ನಿಮ್ಮದೂ ಎಪ್ಪತ್ನಾಲ್ಕಕ್ಕೆ ಹೋಗಿ ನಿಲ್ಲುತ್ತೆ."

ಎಪ್ಪತ್ತನಾಲ್ಕು ಒತ್ತಿ ನೋಡಿದೆ. ಲಾರಿ ಅಲ್ಲೇ ನಿಂತಿತ್ತು.

ಕೇಬಲ್ ಕಿತ್ತು ತೂತು ಬದಲಿಸಿದರೆ ನಾನೇ ಧಣಿ. ಕನಸೂ ಅದೇ ಆಗಿತ್ತಲ್ಲ! ಆದರೆ ಪೆಡಲ್ ಒತ್ತಲು ಮರೆಯುವವನು ಧಣಿಯಾದರೆ ತಾನು ಬಾವಿಗೆ ಬೀಳುವುದಲ್ಲದೆ ನಾದಿನಿಯನ್ನೂ ಎಳೆದುಕೊಂಡೇ ಬೀಳುತ್ತಾನೆ. ಅವಳೋ ಬಸ್ಸಿನ ವೇಳೆಯನ್ನೇ ತಪ್ಪಿಸದವಳು. ಅರ್ಧ ಗಂಟೆ ಮೀಸೆ ತಿರುವಿದೆ. ಆಮೇಲೆ ಫೋನೆತ್ತಿ ಇದ್ದದ್ದು ಇದ್ದಂತೆ ಒಪ್ಪಿಕೊಂಡು, "ಭಾನುವಾರ ನೀನು ಯಾವ್ಯಾವ ನಂಬರ್ ಒತ್ತುತ್ತೀಯಮ್ಮ?" ಎಂದು ಕೇಳಿದೆ.

"ಒಂದು, ಹದಿನೇಳು, ಎಪ್ಪತ್ನಾಲ್ಕು. ಮೊದಲನೇ ಹಾಡು ಕೆಟ್ರೆ ಎಡಗೈ, ಭಾವ. ಈಗಲೇ ಹೇಳಿರ್ತೀನಿ."

ನನ್ನ ಒಳ್ಳೆಯ ದನಿಗಳನ್ನು ಆ ಮೂರು ನಂಬರುಗಳಲ್ಲಿ ಕೂರಿಸಿದೆ. ಲಾರಿಗಳ ಕಾಟವೇ ಬೇಡವೆಂದು ಉಳಿದ ತೊಂಬತ್ತೇಳರ ಬಾಯಿ ಮುಚ್ಚಿಸಿದೆ, ಒಂದೊಂದರದೂ ವಾಲ್ಯೂಮ್ ಸೊನ್ನೆಗೆ ಇಳಿಸಿ.

ಭಾನುವಾರ ಮಧ್ಯಾಹ್ನ ಮುದ್ರಣಾಲಯದ ನೌಕರರ ಕೂಟ. ಮೊದಲ ಹಾಡು ಕೆಡಲಿಲ್ಲ. ಎರಡನೆಯದೂ ಕೆಡಲಿಲ್ಲ. ಅವಳು ಒತ್ತುತ್ತಾಳೆ, ನನ್ನ ಡಬ್ಬಿ ತಾನಾಗಿ ತಿರುಗುತ್ತದೆ. ನನ್ನ ಕಾಲಿಗೆ ಕೆಲಸವೇ ಇಲ್ಲ. ಬದುಕಿನಲ್ಲಿ ಇಷ್ಟು ನೆಮ್ಮದಿಯಾಗಿ ನಾನೆಂದೂ ನುಡಿಸಿರಲಿಲ್ಲ. ಮುಂದಿನ ಸಾಲಿನವರ ಪಾದಗಳೆಲ್ಲ ತಾಳ ಹಾಕುತ್ತಿದ್ದವು.

ಮೂರನೆಯ ಹಾಡು ಕೊಳಲಿನದು. ಶುರುವಾದದ್ದೇ ನನ್ನ ಗಿಟಾರು ಮೂಕವಾಯಿತು. ಮೀಟಿದೆ, ಕುಟ್ಟಿದೆ, ಉಸಿರಿಲ್ಲ. ಕತ್ರಿ ತಾಳ ತಡವರಿಸಿ ಹಿಂದೆಮುಂದೆ ನೋಡತೊಡಗಿದ. ಪಾದಗಳು ಒಂದೊಂದಾಗಿ ನಿಂತವು. ನಾದಿನಿ ಎಡಗೈಯನ್ನು ಕೆಳಸ್ವರದ ಕೀಗಳಿಗೆ ಇಳಿಸಿದಳು. ಆದರೆ ಕೀಬೋರ್ಡಿನಲ್ಲಿದ್ದದ್ದು ಕೊಳಲು. ಅದು ಎಷ್ಟು ಕೆಳಗಿಳಿದರೂ ಕೆಮ್ಮುವ ಕೊಳಲೇ ಹೊರತು ಬೇಸ್ ಆಗುವುದಿಲ್ಲ. ಅವಳು ಪರದೆಯತ್ತ ಬಗ್ಗಿ ನೋಡಿ, ತುಟಿ ಕಚ್ಚಿ, ಒಂದು ಬಟನ್ ಒತ್ತಿದಳು. ನನ್ನ ದನಿ ಧೊಪ್ಪನೆ ಬಂದು ಕೂತಿತು. ಪಾದಗಳು ಮತ್ತೆ ಶುರುವಾದವು.

ಹಾಡು ಮುಗಿದ ತಕ್ಷಣ ನಾನು, "ಸಾರಿ, ನಂದೇ ತಪ್ಪು," ಎಂದೆ. ಮೂವತ್ತು ವರ್ಷದ ಸಂಸಾರದ ಅಭ್ಯಾಸ.

"ನಿಮ್ದಲ್ಲ ಭಾವ. ನನ್ನ ಬೆರಳೇ ಎಪ್ಪತ್ತೈದಕ್ಕೆ ಹೋಗಿತ್ತು. ಅದೂ ಒಂಥರಾ ಕೊಳಲೇ, ಗೊತ್ತಾಗ್ಲಿಲ್ಲ," ಎಂದಳು ನಾದಿನಿ.

ತಪ್ಪು ನನ್ನದಲ್ಲದ ಅಪರೂಪದ ದಿನ, ಅದನ್ನೂ ನಾನೇ ಅವಸರಪಟ್ಟು ಕೆಡಿಸಿಕೊಂಡಿದ್ದೆ.

ಕತ್ರಿ ಬೆವರು ಒರೆಸಿಕೊಳ್ಳುತ್ತಾ, "ಅಣ್ಣ, ನೀನು ನಿಂತ್ಮೇಲೆ ನಂಗೆ ಯಾವ ಕಡೆ ಹೊಡೀಬೇಕು ಅಂತಲೇ ಗೊತ್ತಾಗ್ಲಿಲ್ಲ," ಎಂದ. ನಾದಿನಿ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಇದು ಪೆಟ್ಟಿಗೆ ಹೊರೋಕೇ ಲಾಯಕ್ಕು," ಎಂದಳು.

ಮಾತಿಗೆ ತಪ್ಪಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಸ್ಪೀಕರ್ ಪೆಟ್ಟಿಗೆಯ ಒಂದು ತುದಿಯನ್ನು ಅವಳೇ ಹಿಡಿದಳು, ಇನ್ನೊಂದು ತುದಿ ನನ್ನದು. ಬಾಗಿಲ ಹತ್ತಿರ "ಎಡಕ್ಕೆ ಭಾವ, ಎಡಕ್ಕೆ... ಈಗ ಎತ್ತಿ," ಎಂದಳು. ಎತ್ತಿದೆ.